ರೂಟರ್ ಕೆಟ್ಟಾಗ ದೋಷ ಹುಡುಕುವ ಕ್ರಮ

ಹೊಲದ ಉತಾರ ಪಡೆಯಲು, ಬೆಳೆ ವಿಮೆಗೆ ಅರ್ಜಿ ಹಾಕಲು, ಹವಾಮಾನದ ಮುನ್ಸೂಚನೆ ತಿಳಿಯಲು ಇಂದು ಅಂತರ್ಜಾಲ ಬೇಕು. ರಾಯಬಾಗ ತಾಲ್ಲೂಕಿನ ಅಲಖನೂರದಂತಹ ಹಳ್ಳಿಯಲ್ಲಿ ವಿಮೆ ಅರ್ಜಿಯ ಕೊನೆಯ ದಿನವೇ ರೂಟರ್ ನಿಂತುಹೋದರೆ ಆಗುವ ಹಾನಿ ಸಣ್ಣದಲ್ಲ. ಎಷ್ಟೋ ಸಲ ಪೆಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಅದರ ಅಡಾಪ್ಟರ್ ಅಥವಾ ತಂತಿ.

ಪಂಪ್‌ಸೆಟ್ಟು ನೀರೆತ್ತದಿದ್ದರೆ ನಾವು ಕೂಡಲೇ ಮೋಟಾರು ಬಿಚ್ಚುವುದಿಲ್ಲ. ಮೊದಲು ಕರೆಂಟು, ಆಮೇಲೆ ಫ್ಯೂಸು, ಸ್ಟಾರ್ಟರು, ಫುಟ್‌ವಾಲ್ವು ನೋಡುತ್ತೇವೆ. ರೂಟರಿಗೂ ಇದೇ ಕ್ರಮ ಅನುಸರಿಸಬೇಕು.

1. ಒಂದೂ ದೀಪ ಹತ್ತದಿದ್ದರೆ

ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟು ಇದೆಯೇ ನೋಡಿರಿ. ಇದ್ದರೆ ಅಡಾಪ್ಟರನ್ನು ಪರೀಕ್ಷಿಸಿರಿ. ಅದರ ಮೇಲೆ ಸಾಮಾನ್ಯವಾಗಿ 12 ವೋಲ್ಟ್ ಎಂದು ಬರೆದಿರುತ್ತದೆ. ಮಲ್ಟಿಮೀಟರನ್ನು ಡಿ.ಸಿ.ಗೆ ಇಟ್ಟು ಅಳೆದಾಗ ತೀರ ಕಡಿಮೆ ಬಂದರೆ ಅಡಾಪ್ಟರ್ ಕೆಟ್ಟಿದೆ. ಅಳತೆ ಸರಿಯಿದ್ದೂ ರೂಟರ್ ಪದೇ ಪದೇ ಆರಿ ಹತ್ತುತ್ತಿದ್ದರೆ, ಭಾರ ಬಿದ್ದಾಗ ಅಡಾಪ್ಟರ್ ಸೋಲುತ್ತಿರಬಹುದು. ಹೊಸದನ್ನು ತರುವಾಗ ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಪಿನ್ನಿನ ಧನ-ಋಣ ಒಂದೇ ರೀತಿ ಇರಬೇಕು.

2. ಎಲ್.ಓ.ಎಸ್. ದೀಪ ಕೆಂಪಾಗಿದ್ದರೆ

ಫೈಬರ್ ತಂತಿಯಿಂದ ಬೆಳಕಿನ ಸಂಕೇತ ಬರುತ್ತಿಲ್ಲವೆಂದು ಇದರ ಅರ್ಥ. ಇಲಿ ಕಡಿದಿದೆಯೇ, ತಂತಿ ಚೂಪಾಗಿ ಮಡಚಿದೆಯೇ, ಎತ್ತರಕ್ಕೆ ಕಬ್ಬು ಹೇರಿದ ಟ್ರೇಲರ್ ತಗುಲಿ ರಸ್ತೆಯ ಮೇಲಿನ ತಂತಿ ಹರಿದಿದೆಯೇ ನೋಡಿರಿ. ಇದು ಗಾಜಿನ ಎಳೆ. ತಾಮ್ರದ ತಂತಿಯಂತೆ ಹೊಸೆದು ಜೋಡಿಸಲು ಬರುವುದಿಲ್ಲ. ಯಂತ್ರದಿಂದಲೇ ಬೆಸೆಯಬೇಕು. ಫೈಬರಿನ ತುದಿಯಲ್ಲಿ ಎಂದಿಗೂ ಇಣುಕಬಾರದು. ಅದರ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಅಪಾಯಕಾರಿ.

3. ದೀಪಗಳು ಸರಿಯಿದ್ದೂ ಕೆಲಸ ನಡೆಯದಿದ್ದರೆ

ಕಂಪ್ಯೂಟರನ್ನು ಲ್ಯಾನ್ ತಂತಿಯಿಂದ ನೇರವಾಗಿ ಜೋಡಿಸಿರಿ. ತಂತಿಯಲ್ಲಿ ನಡೆದು ವೈಫೈಯಲ್ಲಿ ನಡೆಯದಿದ್ದರೆ ದೋಷ ವೈಫೈ ಭಾಗದ್ದು. ಲ್ಯಾನ್ ದೀಪ ಹತ್ತದಿದ್ದರೆ ಮೊದಲು ತಂತಿ ಬದಲಿಸಿ, ನಂತರ ಬೇರೆ ಕಿಂಡಿಗೆ ಹಾಕಿ ನೋಡಿರಿ. ಸಿಡಿಲಿನ ಹೊಡೆತಕ್ಕೆ ಒಂದು ಕಿಂಡಿ ಸತ್ತು ಉಳಿದವು ಬದುಕಿರುವುದುಂಟು.

4. ಸ್ವಲ್ಪ ಹೊತ್ತು ನಡೆದು ನಿಲ್ಲುತ್ತಿದ್ದರೆ

ತಣ್ಣಗಾದ ಮೇಲೆ ಮತ್ತೆ ನಡೆದರೆ ಕಾವು ಕಾರಣವಿರಬಹುದು. ಅಡಾಪ್ಟರ್ ಕಿತ್ತು, ಪೆಟ್ಟಿಗೆಯ ಗಾಳಿಕಿಂಡಿಗಳಲ್ಲಿನ ಧೂಳು, ಇರುವೆಗಳನ್ನು ಒಣ ಕುಂಚದಿಂದ ತೆಗೆಯಿರಿ. ಗಾಳಿಯಾಡುವ ಜಾಗದಲ್ಲಿಡಿರಿ.

ಮಾಡಬಾರದ ಕೆಲಸ

ಹಿಂಬದಿಯ ಸಣ್ಣ ತೂತಿನಲ್ಲಿರುವ ರೀಸೆಟ್ ಗುಂಡಿಯನ್ನು ಕಡ್ಡಿಯಿಂದ ಒತ್ತಬೇಡಿರಿ. ಸಂಪರ್ಕ ಕೊಟ್ಟವರು ತುಂಬಿದ ವಿವರಗಳು ಅಳಿಸಿಹೋಗಿ, ಅವರು ಮತ್ತೆ ತುಂಬುವ ತನಕ ರೂಟರ್ ನಡೆಯದೇ ಹೋಗಬಹುದು. ಬೇಕಾದರೆ ಕರೆಂಟು ತೆಗೆದು ಒಂದು ನಿಮಿಷ ಬಿಟ್ಟು ಹಾಕಿ, ಐದು ನಿಮಿಷ ಕಾಯಿರಿ.

ಮುಂಜಾಗ್ರತೆ

ಮುಂಗಾರುಪೂರ್ವ ಮಳೆಯ ದಿನಗಳಲ್ಲಿ ಗುಡುಗು ಸಮೀಪಿಸುವ ಮೊದಲೇ ಅಡಾಪ್ಟರ್ ಹಾಗೂ ಲ್ಯಾನ್ ತಂತಿ ಎರಡನ್ನೂ ಕಿತ್ತಿಡಿರಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ಈ ಎರಡು ತಾಮ್ರದ ದಾರಿಗಳಲ್ಲಿ ಹರಿಯುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಯಾವ ದೀಪ ಯಾವ ಬಣ್ಣದಲ್ಲಿದೆ, ಏನೇನು ಪರೀಕ್ಷಿಸಿದಿರಿ ಎಂಬುದನ್ನು ಬರೆದಿಟ್ಟು ದೂರು ಕೊಡಿರಿ. ರೋಗ ಗುರುತಿಸಿ ಔಷಧಿ ಹೊಡೆಯುವ ರೈತನಿಗೆ ಈ ಮಾತಿನ ಬೆಲೆ ಗೊತ್ತು.