ಮುಂದಾಲೋಚನೆಯ ಎಣ್ಣೆ: ಸರ್ಕಾರದ ಗಣಕಸೇವೆಗಳನ್ನು ಕುರಿತು ಒಂದು ಪಾಠ



ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ನಿಮ್ಮಲ್ಲಿ ಅನೇಕರು ಈ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿರುವಿರಿ. ಕತ್ತಲೆಯಾಗುವುದೆಂಬುದು ಹತ್ತು ಮಂದಿಗೂ ತಿಳಿದಿದ್ದಿತು. ಆದುದರಿಂದಲೇ ಹತ್ತು ಮಂದಿಯೂ ದೀಪಗಳನ್ನು ಹಿಡಿದು ಹೊರಟರು. ಮದಲಿಂಗನು ಎಷ್ಟು ತಡಮಾಡುವನೆಂಬುದು ಮಾತ್ರ ಅವರಲ್ಲಿ ಒಬ್ಬಳಿಗೂ ತಿಳಿದಿರಲಿಲ್ಲ. ಜಾಣೆಯರಾದ ಐವರಿಗೆ ಭವಿಷ್ಯವು ಕಾಣಿಸಿತೆಂದು ಎಲ್ಲಿಯೂ ಹೇಳಿಲ್ಲ. ತಡವಾದರೂ ಆಗಬಹುದೆಂದೆಣಿಸಿ ಅವರು ಪಾತ್ರೆಗಳಲ್ಲಿ ಎಣ್ಣೆಯನ್ನೂ ತೆಗೆದುಕೊಂಡರು, ಅಷ್ಟೆ. ಕಣಿ ಹೇಳುವುದಕ್ಕೂ ಮುಂದಾಲೋಚನೆಗೂ ಇರುವ ಭೇದವು ಇದೇ.

ಇಂದು ಪಹಣಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಪಿಂಚಣಿ, ವಿದ್ಯಾರ್ಥಿವೇತನ ಇವೆಲ್ಲವೂ ಗಣಕಯಂತ್ರದ ಮೂಲಕವೇ ನಮ್ಮ ಕೈಸೇರುತ್ತವೆ. ಯಂತ್ರವಾದರೋ ಕೆಲವೇ ವರ್ಷಗಳಲ್ಲಿ ಹಳತಾಗುವುದು. ಹೊಲದ ಹಕ್ಕು ಮೂರು ತಲೆಮಾರು ನಿಲ್ಲತಕ್ಕದ್ದು. ಅಲ್ಪಾಯುವಾದ ಯಂತ್ರಕ್ಕೆ ದೀರ್ಘಾಯುವಾದ ಹಕ್ಕನ್ನು ಒಪ್ಪಿಸುವಾಗ ಮುಂದೇನಾಗಬಹುದೆಂಬುದನ್ನು ಕ್ರಮವಾಗಿ ವಿಚಾರಿಸುವ ಶಾಸ್ತ್ರವನ್ನು ತಂತ್ರಜ್ಞಾನದ ಮುಂಗಾಣ್ಕೆ ಎನ್ನಬಹುದು. ಜಪಾನ್ ದೇಶದವರು ೧೯೭೧ನೆಯ ಇಸವಿಯಲ್ಲಿ ಈ ಬಗೆಯ ದೊಡ್ಡ ವಿಚಾರಣೆಯೊಂದನ್ನು ನಡೆಯಿಸಿದರು. ತಜ್ಞರನ್ನು ಒಂದೇ ಪ್ರಶ್ನೆಯನ್ನು ಮತ್ತೆಮತ್ತೆ ಕೇಳಿ, ಹೆಸರು ಹೇಳದೆ ಇತರರ ಉತ್ತರಗಳನ್ನು ಅವರಿಗೆ ತಿಳಿಸಿ, ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಲು ಅವಕಾಶ ಕೊಡುವುದು ಇದರ ಕ್ರಮ. ಹೀಗೆ ಮಾಡಿದರೆ ದೊಡ್ಡವರ ಹೆಸರಿಗೆ ಅಂಜಿ ಯಾರೂ ತಲೆಯಾಡಿಸುವುದಿಲ್ಲ. ನಮ್ಮ ದೇಶದಲ್ಲಿಯೂ ಇಂಥ ಕಾರ್ಯಕ್ಕಾಗಿ ೧೯೮೮ರಲ್ಲಿ ಒಂದು ಮಂಡಲಿಯು ಸ್ಥಾಪಿತವಾಯಿತು. ಡಾ|| ಅಬ್ದುಲ್ ಕಲಾಮರು ಅದರ ಅಧ್ಯಕ್ಷರಾಗಿದ್ದಾಗ, ೧೯೯೬ರಲ್ಲಿ, ೨೦೨೦ನೆಯ ಇಸವಿಯ ಭಾರತವನ್ನು ಕುರಿತ ವರದಿಗಳು ಹೊರಬಂದುವು.

ತತ್ತ್ವವು ಸಾಕು, ಉದಾಹರಣೆಗಳನ್ನು ನೋಡೋಣ. ನಮ್ಮ ಕರ್ನಾಟಕದ ‘ಭೂಮಿ’ ಯೋಜನೆಯು ಮೊದಲನೆಯದು. ಅದಕ್ಕೆ ಮುಂಚೆ ಪಹಣಿಯ ಪುಸ್ತಕಗಳು ಸುಮಾರು ೯,೦೦೦ ಮಂದಿ ಗ್ರಾಮಲೆಕ್ಕಿಗರ ವಶದಲ್ಲಿದ್ದುವು. ರೈತನು ಒಂದು ಪ್ರತಿಗಾಗಿ ಹಲವು ದಿನ ಅಲೆಯಬೇಕಾಗಿದ್ದಿತು. ೨೦೦೦ನೆಯ ಇಸವಿಯ ಆಚೀಚೆಯ ಕೆಲವು ವರ್ಷಗಳಲ್ಲಿ ಸುಮಾರು ೬೭ ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕಚೇರಿಗಳಲ್ಲಿ ೧೫ ರೂಪಾಯಿಗೆ ಒಂದರಂತೆ ಕೊಡಲಾರಂಭಿಸಿದರು.

ಇಲ್ಲಿ ಮುಂದಾಲೋಚನೆಯು ಎರಡು ಕಡೆ ಕಾಣುವುದು. ಗಣಕದ ಪಹಣಿಯು ಬಂದೊಡನೆ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರ್ಕಾರದವರು ಗೊತ್ತುಮಾಡಿದರು. ಒಂದೇ ಹೊಲಕ್ಕೆ ಎರಡು ಲೆಕ್ಕಗಳಿದ್ದರೆ ಕಾಲಕ್ರಮದಲ್ಲಿ ಎರಡೂ ಸುಳ್ಳಾಗುವುವೆಂಬುದನ್ನು ಅವರು ಮೊದಲೇ ಮನಗಂಡಿದ್ದರು. ಎರಡನೆಯದಾಗಿ, ಖಾತೆ ತಿದ್ದುವ ನೌಕರನ ಬೆರಳಚ್ಚನ್ನು ಯಂತ್ರವು ಗುರುತಿಸುವಂತೆ ಮಾಡಿದುದರಿಂದ, ಯಾರು ತಿದ್ದಿದರೆಂಬುದು ಮರೆಯಾಗಲಿಲ್ಲ. ಆದರೂ ಒಂದು ಕೊರತೆಯುಂಟು. ಪುಸ್ತಕದಲ್ಲಿದ್ದ ಹಳೆಯ ತಪ್ಪು ಯಂತ್ರದೊಳಕ್ಕೂ ತಪ್ಪಾಗಿಯೇ ಇಳಿಯಿತು. ಹೊಲವನ್ನು ಅಳೆಯುವ ಕಚೇರಿಯನ್ನೂ ಕ್ರಯಪತ್ರವನ್ನು ನೋಂದಾಯಿಸುವ ಕಚೇರಿಯನ್ನೂ ಈ ಲೆಕ್ಕದೊಡನೆ ಜೋಡಿಸುವ ಕೆಲಸವು ಬಳಿಕ ಆಗಬೇಕಾಯಿತು.

ಎರಡನೆಯದು ಯೂರೋಪಿನ ಎಸ್ಟೋನಿಯಾ ದೇಶ. ಅಲ್ಲಿಯ ಜನಸಂಖ್ಯೆಯು ಸುಮಾರು ಹದಿಮೂರು ಲಕ್ಷ ಮಾತ್ರ. ೧೯೯೧ರಲ್ಲಿ ಮರಳಿ ಸ್ವತಂತ್ರವಾದಾಗ ಅದರ ಬೊಕ್ಕಸವು ಚಿಕ್ಕದಾಗಿದ್ದಿತು. ೧೯೯೬ರಲ್ಲಿ ಅವರು ‘ಹುಲಿಯ ನೆಗೆತ’ವೆಂಬ ಹೆಸರಿನಿಂದ ತಮ್ಮ ಪಾಠಶಾಲೆಗಳಿಗೆ ಗಣಕಯಂತ್ರಗಳನ್ನು ಒದಗಿಸುವ ಕಾರ್ಯವನ್ನು ಕೈಕೊಂಡರು. ಸೇವೆಗಳನ್ನು ಬಳಸತಕ್ಕ ಪ್ರಜೆಯನ್ನು ಮೊದಲು ಸಿದ್ಧಪಡಿಸಿದರೆಂಬುದನ್ನು ಉಪಾಧ್ಯಾಯಿನಿಯಾದ ನಾನು ವಿಶೇಷವಾಗಿ ಗಮನಿಸುತ್ತೇನೆ. ೨೦೦೧ರಲ್ಲಿ ಕಚೇರಿಗಳ ನಡುವೆ ಒಂದು ‘ಹಾದಿ’ಯನ್ನು ಏರ್ಪಡಿಸಿದರು. ಎಲ್ಲ ಲೆಕ್ಕಗಳನ್ನೂ ಒಂದೇ ಉಗ್ರಾಣದಲ್ಲಿ ತುಂಬದೆ, ಪ್ರತಿಯೊಂದು ಕಚೇರಿಯೂ ತನ್ನ ಲೆಕ್ಕವನ್ನು ತಾನೇ ಇಟ್ಟುಕೊಂಡು, ಬೇಕಾದುದನ್ನು ಮಾತ್ರ ಈ ಹಾದಿಯ ಮೂಲಕ ಕೇಳಿ ಪಡೆಯುವುದು. ಪ್ರಜೆಯು ಒಮ್ಮೆ ಕೊಟ್ಟ ವಿವರವನ್ನು ಮತ್ತೆ ಕೇಳಬಾರದೆಂಬುದು ಅಲ್ಲಿಯ ನಿಯಮ.

ಅವರಿಗೂ ಸಂಕಟಗಳು ಬಾರದಿರಲಿಲ್ಲ. ೨೦೦೭ರಲ್ಲಿ ಹೊರಗಿನಿಂದ ಬಂದ ಗಣಕದಾಳಿಯು ಸರ್ಕಾರದ, ಬ್ಯಾಂಕುಗಳ ಮತ್ತು ಪತ್ರಿಕೆಗಳ ತಾಣಗಳನ್ನು ಕಂಗೆಡಿಸಿತು. ೨೦೧೭ರಲ್ಲಿ ಸುಮಾರು ಏಳೂವರೆ ಲಕ್ಷ ಗುರುತುಚೀಟಿಗಳ ಒಳಬೀಗದಲ್ಲಿ ದೋಷವು ಕಂಡುಬಂದಿತು. ಸರ್ಕಾರದವರು ಅದನ್ನು ಮುಚ್ಚಿಡದೆ ಜನರಿಗೆ ತಿಳಿಸಿದರು. ಚೀಟಿಯನ್ನು ಬಿಸಾಡದೆ ಮನೆಯಲ್ಲಿ ಕುಳಿತೇ ಬೀಗವನ್ನು ಬದಲಾಯಿಸಿಕೊಳ್ಳುವ ಉಪಾಯವನ್ನು ಕಲ್ಪಿಸಿದರು. ಅದೇ ವರ್ಷ ತಮ್ಮ ಮುಖ್ಯ ಲೆಕ್ಕಗಳ ಪ್ರತಿಯನ್ನು ಲಕ್ಸೆಂಬರ್ಗ್ ದೇಶದಲ್ಲಿ ಇಡುವುದಕ್ಕೆ ಒಪ್ಪಂದ ಮಾಡಿಕೊಂಡರು. ಮುರಿಯದ ಯಂತ್ರವನ್ನು ಕಟ್ಟುವುದು ಯಾರಿಂದಲೂ ಆಗದು. ಮುರಿದಾಗ ಏನು ಮಾಡತಕ್ಕದ್ದೆಂಬುದನ್ನು ಮೊದಲೇ ಯೋಚಿಸುವುದು ಎಲ್ಲರಿಂದಲೂ ಆಗತಕ್ಕ ಕೆಲಸ.

ಇದನ್ನು ನಾನು ಗ್ರಂಥಗಳಿಂದ ಮಾತ್ರ ಕಲಿತವಳಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಹೊಸ ಉಪಾಧ್ಯಾಯಿನಿಯಾಗಿದ್ದಾಗ, ಶಾಲೆಯ ದಾಖಲಾತಿ ಪುಸ್ತಕದ ಹೆಸರುಗಳನ್ನೆಲ್ಲಾ ರಜೆಯಲ್ಲಿ ಕುಳಿತು ಗಣಕಕ್ಕೆ ಏರಿಸಿದೆನು. ಆ ಕಾಲದಲ್ಲಿ ಕನ್ನಡದ ಅಕ್ಷರಗಳಿಗೆ ಒಂದೊಂದು ತಂತ್ರಾಂಶದವರು ಒಂದೊಂದು ಸಂಕೇತವನ್ನು ಬಳಸುತ್ತಿದ್ದರು. ಎಲ್ಲ ದೇಶಗಳಿಗೂ ಸಮಾನವಾದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ನಾನು ವಿಚಾರಿಸಲಿಲ್ಲ. ಕೆಲವು ವರ್ಷಗಳ ಮೇಲೆ ಯಂತ್ರವನ್ನು ಬದಲಾಯಿಸಿದಾಗ ನನ್ನ ಪಟ್ಟಿಯು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆಯಿತು. ಅದೇ ವಾರ ಹಳೆಯ ವಿದ್ಯಾರ್ಥಿನಿಯೊಬ್ಬಳು, ಗಂಡನನ್ನು ಕಳೆದುಕೊಂಡವಳು, ಪಿಂಚಣಿಗಾಗಿ ತನ್ನ ಜನ್ಮದಿನದ ದಾಖಲೆಯನ್ನು ಕೇಳಿಕೊಂಡು ಬಂದಳು. ಬೇರೆಡೆಯ ಕಾಗದದಲ್ಲಿ ಅವಳ ಹೆಸರಿನ ಒಂದಕ್ಷರವು ವ್ಯತ್ಯಾಸವಾಗಿ, ಕೆಲಸವು ನಿಂತುಹೋಗಿದ್ದಿತು. ಆ ದಿನ ಅವಳನ್ನು ಕಾಪಾಡಿದುದು ನನ್ನ ಗಣಕವಲ್ಲ. ಬೀರುವಿನಲ್ಲಿದ್ದ ರಟ್ಟಿನ ಪುಸ್ತಕ, ಅದರಲ್ಲಿ ಹಿಂದಿನ ಮುಖ್ಯೋಪಾಧ್ಯಾಯಿನಿಯವರು ಮಸಿಯಿಂದ ದುಂಡಾಗಿ ಬರೆದಿದ್ದ ಒಂದು ಸಾಲು. ನಾನು ದೀಪವನ್ನು ಮಾತ್ರ ಹಿಡಿದುಹೋಗಿದ್ದೆನು. ಎಣ್ಣೆಯನ್ನು ಅವರು ಇಟ್ಟಿದ್ದರು.

ಹಾಗಾದರೆ ಈಗ ಯಾವುದನ್ನು ಮುಂಗಾಣಬೇಕು? ಕಾಲವನ್ನು ಸೆಕೆಂಡುಗಳಲ್ಲಿ ಎಣಿಸುವ ಕೆಲವು ಹಳೆಯ ಗಣಕಗಳ ಎಣಿಕೆಯು ೨೦೩೮ನೆಯ ಜನವರಿ ೧೯ರಂದು ತುಂಬಿಹೋಗುವುದು. ಇದು ಊಹೆಯಲ್ಲ, ಲೆಕ್ಕ. ಇಂದಿನ ಬೀಗಗಳನ್ನು ಒಡೆಯಬಲ್ಲ ಕ್ವಾಂಟಂ ಗಣಕವು ಎಂದು ಬರುವುದೋ ತಿಳಿಯದು. ಆದರೂ ಅಮೆರಿಕೆಯ ಮಾನಕ ಸಂಸ್ಥೆಯವರು ೨೦೨೪ರ ಆಗಸ್ಟಿನಲ್ಲಿಯೇ ಹೊಸ ಬೀಗಗಳ ಮಾದರಿಗಳನ್ನು ಪ್ರಕಟಿಸಿರುವರು. ಇಂದು ಕದ್ದ ಲೆಕ್ಕವನ್ನು ನಾಳೆ ತೆರೆಯಬಹುದಷ್ಟೆ. ಕನ್ನಡದ ಮಾತನ್ನು ಕೇಳಿ ಉತ್ತರಿಸುವ ಯಂತ್ರಗಳೂ ಬಂದಿವೆ. ಓದುಬಾರದ ಅಜ್ಜಿಗೆ ಅವು ಆಸರೆಯಾಗಬಲ್ಲುವು. ಆದರೆ ‘ನಿನಗೆ ಪಿಂಚಣಿಯಿಲ್ಲ’ ಎಂದು ಯಂತ್ರವು ಹೇಳಿದರೆ, ‘ಏಕೆ?’ ಎಂದು ಅವಳು ಕೇಳುವುದು ಯಾರನ್ನು? ಅಲ್ಲಿ ಒಬ್ಬ ಮನುಷ್ಯನು ಕುಳಿತಿರಲೇಬೇಕು.

ಯಾವ ಸೇವೆಯನ್ನು ಆರಂಭಿಸುವಾಗಲೂ ಕೇಳತಕ್ಕ ಪ್ರಶ್ನೆಗಳು ನಾಲ್ಕು. ಈ ಯಂತ್ರವು ಹಳತಾದಾಗ ಲೆಕ್ಕವು ಹೊಸದಕ್ಕೆ ಹೋಗಬಲ್ಲುದೆ? ಅದು ಕೆಟ್ಟ ದಿನ ಕೆಲಸವು ಹೇಗೆ ನಡೆಯುವುದು? ಒಳಗಿನ ತಪ್ಪನ್ನು ತಿದ್ದುವವರಾರು, ಎಷ್ಟು ದಿನಗಳೊಳಗೆ? ಇದನ್ನು ಬಳಸಲಾರದವರಿಗೆ ಬೇರೆ ಬಾಗಿಲು ಯಾವುದು?

ಸರ್ಕಾರದ ಕಚೇರಿಗಳಲ್ಲಿ ಸೇವೆಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಈ ಪ್ರಶ್ನೆಗಳನ್ನು ಮೇಜಿನ ಆ ಕಡೆಯಿಂದ ನೀವು ಕೇಳಿರಿ. ತಾಯಿತಂದೆಗಳೇ, ಮಗಳನ್ನು ಶಾಲೆಗೆ ಸೇರಿಸುವ ದಿನ ಅವಳ ಹೆಸರನ್ನೂ ಜನ್ಮದಿನವನ್ನೂ ಎಲ್ಲ ಕಾಗದಗಳಲ್ಲಿಯೂ ಒಂದೇ ವಿಧವಾಗಿ ಬರೆಯಿಸಿರಿ. ಅವಳು ಮುದುಕಿಯಾದಾಗ ಅದರ ಬೆಲೆ ತಿಳಿಯುವುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವೇನು?

ದಾಖಲಾತಿ ಪುಸ್ತಕದ ಹೆಸರುಗಳನ್ನು ನಾವು ಈಗ ಯೂನಿಕೋಡಿನಲ್ಲಿ ಮತ್ತೆ ಬರೆದಿದ್ದೇವೆ. ಪ್ರತಿಯನ್ನು ಎರಡು ಸ್ಥಳಗಳಲ್ಲಿ ಇಟ್ಟಿದ್ದೇವೆ. ರಟ್ಟಿನ ಪುಸ್ತಕವು ಮಾತ್ರ ಬೀರುವಿನಲ್ಲಿ ಹಾಗೆಯೇ ಇದೆ. ನಿಮ್ಮ ಹೆಸರೂ ಅದರಲ್ಲಿದೆ, ಬಂದು ನೋಡಿರಿ.