‘ಇನಾಗರೇಷನ್’ ಎಂಬ ಪದವೂ ನಮ್ಮ ಉದ್ಘಾಟನೆಯೂ

ಕೆಲವು ವರ್ಷಗಳ ಹಿಂದೆ ಶಾಲೆಯ ಸಾಹಿತ್ಯ ಸಂಘದ ಆಹ್ವಾನಪತ್ರಿಕೆಯಲ್ಲಿ ‘ಸಂಘದ ಉದ್ಘಾಟನೆ’ ಎಂದು ಅಚ್ಚುಮಾಡಿಸಿದ್ದೆವು. ಅದನ್ನೋದಿದ ಬಾಲಿಕೆಯೊಬ್ಬಳು, “ಅಮ್ಮಾ, ಸಂಘಕ್ಕೆ ಬಾಗಿಲು ಎಲ್ಲಿದೆ?” ಎಂದು ಕೇಳಿದಳು. ಅಧಿಕಪ್ರಸಂಗವೆಂದು ಗದರಿಸಿ ಕಳುಹಿಸಿದೆವು. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇವೆ.

‘ಇನಾಗರೇಟ್’ ಎಂಬ ಇಂಗ್ಲಿಷ್ ಪದವು ಲ್ಯಾಟಿನ್ ಮೂಲದ್ದು. ಪ್ರಾಚೀನ ರೋಮಿನಲ್ಲಿ ‘ಆಗರ್’ ಎಂಬ ಶಕುನಜ್ಞರು ಹಕ್ಕಿಗಳ ಹಾರಾಟವನ್ನೂ ಕೂಗನ್ನೂ ಪರೀಕ್ಷಿಸಿ, ದೇವತೆಗಳ ಸಮ್ಮತಿಯುಂಟೆಂದು ಹೇಳಿದ ಮೇಲೆ ಮಹತ್ಕಾರ್ಯಗಳಿಗೆ ತೊಡಗುವ ವಾಡಿಕೆಯಿತ್ತು. ನಮ್ಮ ‘ಶಕುನ’ ಶಬ್ದಕ್ಕೂ ಸಂಸ್ಕೃತದಲ್ಲಿ ಹಕ್ಕಿಯೆಂಬ ಅರ್ಥವಿರುವುದು ಸ್ವಾರಸ್ಯಕರವಾಗಿದೆ. ಇಂಗ್ಲಿಷಿನಲ್ಲಿ ಈ ಪದವು ಕಟ್ಟಡಕ್ಕೂ ಸಂಸ್ಥೆಗೂ ಅಧಿಕಾರ ಸ್ವೀಕಾರಕ್ಕೂ ಸಲ್ಲುತ್ತದೆ. 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದುದು ‘ಇನಾಗರೇಷನ್’ ಎನಿಸುತ್ತದೆ. ಆದರೆ ಅದು ವಿಧ್ಯುಕ್ತವಾದ ಆರಂಭಕ್ಕೆ ಮಾತ್ರ ಸಲ್ಲುವ ಪದ. ದಿನದ ಪಾಠವನ್ನು ‘ಬಿಗಿನ್’ ಮಾಡುತ್ತೇವೆಯೇ ಹೊರತು ‘ಇನಾಗರೇಟ್’ ಮಾಡುವುದಿಲ್ಲ.

ಇದಕ್ಕೆ ಕನ್ನಡದಲ್ಲಿ ರೂಢಿಯಾದ ‘ಉದ್ಘಾಟನೆ’ಯ ಮೂಲಾರ್ಥವು ಮುಚ್ಚಿದುದನ್ನು ತೆರೆಯುವುದು. ಕಟ್ಟಡಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು–ನವಿಲೆ ಸುರಂಗದಂಥ ನಾಲೆಗೂ ಒಪ್ಪುತ್ತದೆ; ಅಲ್ಲಿ ತೂಬನ್ನು ನಿಜವಾಗಿಯೇ ತೆರೆಯಬೇಕು. ಸಂಘಕ್ಕೋ ಉಪನ್ಯಾಸಮಾಲೆಗೋ ‘ಪ್ರಾರಂಭೋತ್ಸವ’ವೆಂದರೆ ಸಾಕು. ಉಳಿದವುಗಳಿಗೆ ನಮ್ಮ ಹಿರಿಯರು ಬೇರೆ ಬೇರೆ ಮಾತುಗಳನ್ನು ಇಟ್ಟಿದ್ದಾರೆ: ಅಡಿಪಾಯಕ್ಕೆ ಶಂಕುಸ್ಥಾಪನೆ, ಮನೆಗೆ ಗೃಹಪ್ರವೇಶ, ಮಗುವಿನ ಓದಿಗೆ ಅಕ್ಷರಾಭ್ಯಾಸ, ಯುಗಾದಿಯ ಹೊತ್ತಿನ ಮೊದಲ ಉಳುಮೆಗೆ ಹೊನ್ನಾರು. ಏನು ಆರಂಭವಾಗುತ್ತಿದೆಯೆಂಬುದನ್ನು ಇವುಗಳಲ್ಲಿ ಪ್ರತಿಯೊಂದು ಮಾತೂ ತಾನೇ ಹೇಳುತ್ತದೆ. ಎಲ್ಲವನ್ನೂ ‘ಉದ್ಘಾಟನೆ’ ಎಂದುಬಿಟ್ಟರೆ ಬಂದ ಅತಿಥಿಯ ಹೆಸರು ನೆನಪಿರುತ್ತದೆ, ಕೈಗೊಂಡ ಕೆಲಸ ಮರೆತುಹೋಗುತ್ತದೆ. ನಮ್ಮ ಆ ಸಂಘವೂ ಮೂರು ಸಭೆಗಳಿಗೇ ನಿಂತುಹೋಯಿತೆಂಬುದನ್ನು ಸಂಕೋಚದಿಂದ ಒಪ್ಪಿಕೊಳ್ಳುತ್ತೇವೆ.

ಅಮರಕೋಶದಲ್ಲಿ ‘ಉದ್ಘಾಟನ’ಕ್ಕೆ ಇನ್ನೊಂದು ಅರ್ಥವಿದೆ: ಬಾವಿಯಿಂದ ನೀರೆತ್ತುವ ಸಾಧನ. ಬಾಗಿಲನ್ನು ಒಮ್ಮೆ ತೆರೆದರೆ ಮುಗಿಯಿತು. ನೀರನ್ನಾದರೋ ಪ್ರತಿದಿನವೂ ಸೇದಬೇಕು. ಹಳೆಯ ವಿದ್ಯಾರ್ಥಿನಿಯರು ತಮ್ಮ ಊರುಗಳಲ್ಲಿ ಮಹಿಳಾ ಸಮಾಜವನ್ನೋ ವಾಚನಾಲಯವನ್ನೋ ಆರಂಭಿಸುವಾಗ ಪತ್ರಿಕೆಯಲ್ಲಿ ತಕ್ಕ ಮಾತನ್ನು ಬರೆಯಲಿ; ಮರುದಿನದ ಕೆಲಸಕ್ಕೆ ಯಾರು ಬರುವರೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ತಂದೆತಾಯಿಗಳು ಮಕ್ಕಳ ಪ್ರಶ್ನೆಗಳನ್ನು ಗದರಿಸದಿರಲಿ. ಅಂದು ಪ್ರಶ್ನೆ ಕೇಳಿದ ಬಾಲಿಕೆಯು ಇದನ್ನು ಓದಿದರೆ, ನೀನು ಕೇಳಿದುದೇ ಸರಿಯಾಗಿತ್ತೆಂದು ತಿಳಿ, ಮಗಳೇ.