ಸಹಜ ಹಂತಕ ಕೋಶಗಳು

ರೈಲು ನಿಲ್ದಾಣದಲ್ಲಿ ಟಿಕೆಟ್ ತಪಾಸಣೆ ಮಾಡುವವನನ್ನು ನಾವೆಲ್ಲರೂ ಕಂಡಿದ್ದೇವೆ. ಎದುರಿಗೆ ಬರುವವನು ಯಾರು, ಯಾವ ಊರಿನವನು ಎಂಬುದನ್ನು ಅವನು ವಿಚಾರಿಸುವುದಿಲ್ಲ. ಟಿಕೆಟ್ ಇದೆಯೇ, ಇಲ್ಲವೇ ಎಂಬುದಷ್ಟನ್ನೇ ನೋಡುತ್ತಾನೆ. ನಮ್ಮ ರಕ್ತದಲ್ಲಿಯೂ ಇಂತಹ ತಪಾಸಣೆಗಾರರಿದ್ದಾರೆ. ಬಿಳಿಯ ರಕ್ತಕಣಗಳ ಜಾತಿಗೆ ಸೇರಿದ ಇವುಗಳಿಗೆ ಸಹಜ ಹಂತಕ ಕೋಶಗಳೆಂದು ಹೆಸರು.

1975ರಲ್ಲಿ ಸ್ವೀಡನ್ನಿನ ಕೀಸ್ಲಿಂಗ್ ಮತ್ತು ಸಂಗಡಿಗರೂ, ಅಮೆರಿಕದ ಹರ್ಬರ್‌ಮನ್ ಮತ್ತು ಸಂಗಡಿಗರೂ ಇಲಿಗಳಲ್ಲಿ ಇವುಗಳ ಕಾರ್ಯವನ್ನು ವರ್ಣಿಸಿದರು. ಹಿಂದೆಂದೂ ಎದುರಿಸದ ಅರ್ಬುದಕೋಶಗಳನ್ನೂ ಇವು ಕೊಲ್ಲಬಲ್ಲವಾಗಿದ್ದುವು. ಕಲಿಯದೆಯೇ ಬಂದ ಶಕ್ತಿಯಾದುದರಿಂದ 'ಸಹಜ' ಎಂದು ಕರೆದರು. ಆದರೆ ಪರಿಚಯವಿಲ್ಲದ ಶತ್ರುವನ್ನು ಗುರುತಿಸುವುದು ಹೇಗೆ?

ನಮ್ಮ ದೇಹದಲ್ಲಿ ಕೋಶಕೇಂದ್ರವುಳ್ಳ ಬಹುತೇಕ ಎಲ್ಲ ಕೋಶಗಳೂ ತಮ್ಮ ಮೈಮೇಲೆ ಎಂ.ಎಚ್.ಸಿ. ಎಂಬ ಪ್ರೋಟೀನನ್ನು ಧರಿಸಿರುತ್ತವೆ. ಒಳಗಿನ ಪ್ರೋಟೀನುಗಳ ತುಣುಕುಗಳನ್ನು ಅದು ಹೊರಗೆ ತೋರಿಸುತ್ತದೆ. ಅದರಲ್ಲಿ ವೈರಸ್ಸಿನ ತುಣುಕು ಕಂಡರೆ ಟಿ-ಕೋಶಗಳೆಂಬ ಬೇರೆ ಸೈನಿಕರು ಆ ಕೋಶವನ್ನು ಕೊಲ್ಲುತ್ತವೆ. ಆದುದರಿಂದ ಕೆಲವು ವೈರಸ್ಸುಗಳು ಈ ಗುರುತನ್ನೇ ಅಡಗಿಸಿಬಿಡುತ್ತವೆ. ಆದರೆ ಆ ವಂಚನೆಯೇ ಅವುಗಳಿಗೆ ಮುಳುವಾಗುತ್ತದೆ. ಗುರುತು ಇದ್ದರೆ ಹಂತಕ ಕೋಶವು ತಡೆದು ನಿಲ್ಲುತ್ತದೆ. ಇಲ್ಲದಿದ್ದರೆ ಆ ತಡೆ ತಪ್ಪುತ್ತದೆ. 1986ರಲ್ಲಿ ಸ್ವೀಡನ್ನಿನ ಕಾರೆ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ತೋರಿಸಿಕೊಟ್ಟರು. ಗುರುತುಳ್ಳ ಅರ್ಬುದಕೋಶಗಳು ಬೆಳೆದುವು. ಗುರುತನ್ನು ಬಹುಮಟ್ಟಿಗೆ ಕಳೆದುಕೊಂಡವು ನಾಶವಾದುವು.

ಇಲ್ಲಿ ಒಂದು ಸಂದೇಹ ಬರಬಹುದು. ಕೆಂಪು ರಕ್ತಕಣಗಳಲ್ಲಿ ಈ ಗುರುತು ಇಲ್ಲವೆನ್ನುವಷ್ಟು ಕಡಮೆ, ಅವೇಕೆ ಸಾಯುವುದಿಲ್ಲ? ಗುರುತಿನ ಅಭಾವವೊಂದೇ ಸಾಲದು ಎಂಬುದೇ ಉತ್ತರ. ರೋಗದಿಂದ ಪೀಡಿತವಾದ ಕೋಶವು ತನ್ನ ಮೈಮೇಲೆ ಬೇರೆ ಕೆಲವು ಪ್ರೋಟೀನುಗಳನ್ನು ತೋರಿಸುತ್ತದೆ. ಅವು ಹಂತಕನನ್ನು ಪ್ರಚೋದಿಸುತ್ತವೆ. ತಡೆಯುವ ಸೂಚನೆ, ಪ್ರಚೋದಿಸುವ ಸೂಚನೆ ಇವೆರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದಂತೆ ತೀರ್ಮಾನವಾಗುತ್ತದೆ. ಟಿಕೆಟ್ಟಿನ ಹೋಲಿಕೆ ಇಲ್ಲಿಗೆ ಸಾಲದಾಗುತ್ತದೆ.

ತೀರ್ಮಾನವಾದೊಡನೆ ಹಂತಕ ಕೋಶವು ಗುರಿಯ ಕೋಶಕ್ಕೆ ಅಂಟಿಕೊಳ್ಳುತ್ತದೆ. ತನ್ನೊಳಗಿನ ಸೂಕ್ಷ್ಮ ಕಣಿಕೆಗಳನ್ನು ಆ ಕಡೆಗೇ ಸರಿಸಿ ತೆರೆಯುತ್ತದೆ. ಅವುಗಳಲ್ಲಿರುವ ಪರ್ಫೊರಿನ್ ಪೊರೆಯಲ್ಲಿ ರಂಧ್ರ ಮಾಡುತ್ತದೆ. ಗ್ರಾಂಜೈಮುಗಳು ಒಳಹೊಕ್ಕು, ಕೋಶವು ತನ್ನನ್ನು ತಾನೇ ಕಳಚಿಕೊಂಡು ಸಾಯುವಂತೆ ಮಾಡುತ್ತವೆ. ಅವಶೇಷಗಳನ್ನು ಭಕ್ಷಕ ಕೋಶಗಳು ನುಂಗುತ್ತವೆ. ಹಂತಕ ಕೋಶವು ಮುಂದಿನ ಗುರಿಯತ್ತ ಸಾಗುತ್ತದೆ.

ಈ ಕಾವಲು ಇಲ್ಲದಿದ್ದರೇನಾದೀತು? 1989ರಲ್ಲಿ ಅಮೆರಿಕದಲ್ಲಿ ಇಂತಹ ಕೋಶಗಳಿಲ್ಲದ ಬಾಲಕಿಯೊಬ್ಬಳ ವಿಷಯ ಪ್ರಕಟವಾಯಿತು. ಸೀತಾಳೆ ಸಿಡುಬಿನ ವೈರಸ್ಸೂ ಅದರ ಬಳಗದ ವೈರಸ್ಸುಗಳೂ ಅವಳನ್ನು ಮತ್ತೆ ಮತ್ತೆ ತೀವ್ರವಾಗಿ ಪೀಡಿಸಿದ್ದುವು. ನಾವು ಪಾಠ ಓದುವಾಗಲೂ, ನಿದ್ರಿಸುವಾಗಲೂ ನಮ್ಮೊಳಗೆ ಈ ತಪಾಸಣೆ ನಡೆಯುತ್ತಲೇ ಇರುತ್ತದೆ. ಅದರ ಬೆಲೆಯನ್ನು ಆ ಬಾಲಕಿಯ ಕಷ್ಟದಿಂದ ನಾವು ಅರಿಯಬಹುದು.